ಗಾಡಿಯ ಹಣೆ

ಪೆಟ್ರೋಲಿನ ವಾಸನೆ ಬಂದರೆ ನನಗೆ ಬಂಕು ನೆನಪಾಗುವುದಿಲ್ಲ, ಆಗಷ್ಟೇ ಸ್ನಾನ ಮುಗಿಸಿ ಬಂದ ಅಜ್ಜಿ ನೆನಪಾಗುತ್ತಾಳೆ. ಇಳಕಲ್ಲಿನ ನಮ್ಮ ಪಡಸಾಲೆಯಲ್ಲಿ ಪೆಟ್ರೋಲು, ವಿಭೂತಿ ಎರಡೂ ಒಟ್ಟಿಗೇ ಮೂಗಿಗೆ ಬಡಿಯುತ್ತಿದ್ದವು. ಆ ಮನೆ ಈಗಿಲ್ಲ; ಅಲ್ಲೊಂದು ಮೊಬೈಲ್ ಅಂಗಡಿ ಎದ್ದಿದೆ. ನಿಮಗೂ ಅಂಥದೊಂದು ಮನೆ ಇದ್ದಿದ್ದರೆ, ಆ ಓಣಿಯಲ್ಲಿ ಹಾದುಹೋಗುವಾಗ ಮುಖ ತಿರುಗಿಸುವ ಚಟ ನಿಮಗೂ ಇದ್ದೀತು.

ಪೆಟ್ರೋಲಿಗೆ ಕಾರಣ ಕಾಕಾನ ಕಾರು. ಯಾರೋ ರೇಸಿಗೆಂದು ಸಜ್ಜು ಮಾಡಿ, ಬೇಸತ್ತು ಮಾರಿದ ಹಳೆಯ ಗಾಡಿ. ಇಂಜಿನ್ನು ಬಾಯ್ತುಂಬ ಗಾಳಿ ಕುಡಿಯಲೆಂದು ಕಾಕಾ ಕಾರ್ಬುರೇಟರಿನ ಮೇಲಿದ್ದ ಏರ್ ಫಿಲ್ಟರನ್ನೇ ಕಿತ್ತು ಅಟ್ಟಕ್ಕೆ ಹಾಕಿದ್ದ. ಅದರ ತಗಡಿನ ಮುಚ್ಚಳ ಅಜ್ಜಿಯ ಮಜ್ಜಿಗೆ ಗಡಿಗೆಗೆ ಸರಿಯಾಗಿ ಕೂತಿತ್ತು. ಹುನಗುಂದದ ರಸ್ತೆಯಲ್ಲಿ ಆ ಗಾಡಿ ಹುಲಿ. ಮನೆ ಮುಂದೆ ನಿಂತರೆ ಚಳಿಜ್ವರ ಬಂದವರಂತೆ ಗಡಗಡ ನಡುಗಿ, ಕೆಮ್ಮಿ, ಬಂದಾಗುತ್ತಿತ್ತು. ಅಜ್ಜಿಗೋ ಒಂದೇ ಆಸೆ: ಸಂಕ್ರಾಂತಿಗೆ ಮಗನ ಗಾಡಿಯಲ್ಲೇ ಕೂಡಲಸಂಗಮಕ್ಕೆ ಹೋಗಿ ಹೊಳೆಯಲ್ಲಿ ಮುಳುಗೇಳಬೇಕು. ಓಣಿಗೆಲ್ಲ ಸಾರಿಯೂ ಆಗಿತ್ತು. ಆದರೆ ಹತ್ತಿ ನೋಡಿದಾಗಲೆಲ್ಲ, ಮೊಣಕಾಲು ನೋವಿನ ಅಜ್ಜಿ ಒಂದು ಕಾಲು ಒಳಗಿಟ್ಟು, ಸೀರೆ ಸಾವರಿಸಿ, ಶಿವನನ್ನು ನೆನೆದು, ಇನ್ನೊಂದು ಕಾಲೆತ್ತುವಷ್ಟರಲ್ಲಿ ಗಾಡಿ ಬಂದ್. "ಹೊಸ್ತಿಲದಾಗ ಉಸಿರು ಬಿಟ್ಟ ಗಾಡಿ ನಾ ಹತ್ತೂದಿಲ್ಲ" ಎಂದು ಇಳಿದು ಒಳಗೆ ಹೋಗಿಬಿಡುತ್ತಿದ್ದಳು.

ಕಾಕಾ ಪ್ಲಗ್ಗು ಬದಲಿಸಿದ, ಪಾಯಿಂಟು ಉಜ್ಜಿದ. ಎಲ್ಲಾದರೂ ಕಳ್ಳಗಾಳಿ ನುಗ್ಗುತ್ತಿದೆಯೇ ಎಂದು ಕಾರ್ಬುರೇಟರಿನ ಬುಡಕ್ಕೆ ನೀರು ಚಿಮುಕಿಸಿ, ಇಂಜಿನ್ನಿನ ದನಿಗೆ ಕಿವಿಗೊಟ್ಟ. ಕಾರ್ಬುರೇಟರ್ ಬಿಚ್ಚಿ ತೊಳೆದರೆ ಸಂಜೆಗೆ ಸರಿ. ಬೆಳಗಾದರೆ ಮತ್ತೆ ಅದೇ ರಾಗ, ಅದೇ ಹಾಡು. ಹಬ್ಬದ ಹಿಂದಿನ ದಿನ ಅವನು ಬೇಗ ಎದ್ದಿದ್ದರಿಂದ ಗುಟ್ಟು ರಟ್ಟಾಯಿತು. ಬಿಸಿ ಇಳಿಯಲೆಂದು ದಿನವೂ ರಾತ್ರಿ ಬಾನೆಟ್ಟು ತೆರೆದಿಡುತ್ತಿದ್ದ. ಪೂಜೆ ಮುಗಿಸಿದ ಅಜ್ಜಿ ಹೊಸ್ತಿಲಿಗೆ, ಎಮ್ಮೆಗೆ ವಿಭೂತಿ ಹಚ್ಚಿ, ಕೊನೆಗೆ ಕಾರ್ಬುರೇಟರಿನ ತೆರೆದ ಬಾಯಿಯ ಅಂಚಿಗೆ ಮೂರು ಬೆರಳು ಎಳೆದು, ಉಳಿದ ಪುಡಿಯನ್ನು ಅಲ್ಲೇ ಕೊಡವಿದಳು. ಗಾಡಿ ನಡುಗಿದಷ್ಟೂ ಅವಳ ವಿಭೂತಿ ಹೆಚ್ಚುತ್ತಿತ್ತು. ವಿಭೂತಿ ಹೆಚ್ಚಿದಷ್ಟೂ ನಿಂತ ಗಾಡಿಗೆ ಪೆಟ್ರೋಲು ಉಣಿಸುವ, ಸೂಜಿಮೊನೆಯಂಥ ಐಡಲ್ ಜೆಟ್ಟಿನ ತೂತು ಕಟ್ಟುತ್ತಿತ್ತು.

"ಅವ್ವಾ, ಏನ್ ಮಾಡಾಕತ್ತಿ?" ಎಂದ ಕಾಕಾ.

"ಬಾಯಿ ಇದ್ದಲ್ಲೇ ಹಣಿ ಇರ್ತೈತಲ್ಲೋ. ಹಣಿಗೆ ಹಚ್ಚಾಕತ್ತೇನಿ."

ಮೂಗಿನ ತುದಿಯಲ್ಲೇ ಸಿಟ್ಟಿದ್ದ ಕಾಕಾ ಅಂದು ಬೈಯಲಿಲ್ಲ. ಜೆಟ್ಟು ತೊಳೆದು, ಅಟ್ಟದಿಂದ ಫಿಲ್ಟರ್ ಇಳಿಸಿ, ಮಜ್ಜಿಗೆ ಗಡಿಗೆಯ ಮುಚ್ಚಳ ತಂದು ಮೇಲೆ ಕೂಡಿಸಿ, ಅಜ್ಜಿಯ ಕೈಯನ್ನು ಅದರ ಮೇಲಿಟ್ಟ. "ಇದರ ಹಣಿ ಇಲ್ಲೈತಿ ನೋಡವ್ವಾ."

ಸಂಕ್ರಾಂತಿಯ ಬೆಳಿಗ್ಗೆ ಓಣಿಯವರೆಲ್ಲ ನೋಡಲೆಂದು ಅಜ್ಜಿ ಇನ್ನಷ್ಟು ತಡಮಾಡಿ ಹತ್ತಿದಳು. ಗಾಡಿ ಗುರುಗುಡುತ್ತ ಕಾದಿತ್ತು. "ಈಬತ್ತಿ ಹಚ್ಚೋ ಜಾಗಾ ತಪ್ಪಿತ್ತು, ಅಷ್ಟ" ಎಂದು ಸಂಗಮದ ತನಕ ಮಗನಿಗೆ ಬುದ್ಧಿ ಹೇಳಿದಳು.

ಅಜ್ಜಿ ಹೋಗಿ ವರ್ಷಗಳಾದವು. ಬಾಗಲಕೋಟೆಯಲ್ಲಿರುವ ಕಾಕಾನ ಬಳಿ ಆ ಗಾಡಿ ಇನ್ನೂ ಇದೆ. ಮೊನ್ನೆ ಹೋದಾಗ ನೋಡಿದೆ. ಕಾಕಾ ಫಿಲ್ಟರಿನ ಮುಚ್ಚಳಕ್ಕೆ ಮೂರು ಬೆರಳು ವಿಭೂತಿ ಎಳೆದು, ಇಂಜಿನ್ ಚಾಲೂ ಮಾಡಿ, ಎಡಗಡೆಯ ಬಾಗಿಲು ತೆರೆದಿಟ್ಟು ಸ್ಟಿಯರಿಂಗ್ ಹಿಡಿದು ಕೂತ. ಒಂದು ಕಾಲು ಒಳಗಿಟ್ಟು, ಸೀರೆ ಸಾವರಿಸಿ, ಶಿವನನ್ನು ನೆನೆದು, ಇನ್ನೊಂದು ಕಾಲೆತ್ತಲು ಬೇಕಾಗುವಷ್ಟು ಹೊತ್ತು. ಗಾಡಿ ಬಂದಾಗಲಿಲ್ಲ. ಆಮೇಲೆ ಕೈ ಚಾಚಿ ಬಾಗಿಲು ತಾನೇ ಎಳೆದುಕೊಂಡ.