ಹನ್ನೆರಡು ಗಂಟೆ ಕವಿತೆ, ಒಂದೂವರೆ ಕಿವಿ

ಬೆಳಗಿನ ಐದೂ ಮುಕ್ಕಾಲು. ಶಿರಾಳಕೊಪ್ಪದ ಬಸ್ ನಿಲ್ದಾಣದಲ್ಲಿ ನಾಯಿಗಳೂ ಇನ್ನೂ ಎದ್ದಿಲ್ಲ. ಚೌಡೇಶ್ ಒಂದು ಲೋಟ ಬಿಸಿನೀರು ಕುಡಿಯುತ್ತಾರೆ, ಮಫ್ಲರನ್ನು ಕಿವಿಯಿಂದ ಕುತ್ತಿಗೆಗೆ ಇಳಿಸುತ್ತಾರೆ, ಎಡಗೈಯನ್ನು ಸೊಂಟದ ಮೇಲಿಟ್ಟು ನಿಲ್ಲುತ್ತಾರೆ. ಆಮೇಲೆ ಬಾಯಿ ತೆರೆಯುತ್ತಾರೆ. "ಸೊರ್ಬ ಸೊರ್ಬ ಸೊರ್ಬ ಸೊರ್ಬಾ..." ನಾಯಿಗಳು ಏಳುತ್ತವೆ. ರಸ್ತೆಯಾಚೆಯ ಎರಡು ಮನೆಗಳಲ್ಲಿ ದೀಪ ಹತ್ತುತ್ತದೆ. ಗುಡವಿಯ ಪಕ್ಷಿಧಾಮದ ಕೆರೆ ಇಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರು. ಗಾಳಿ ಆ ಕಡೆ ಬೀಸುವ ದಿನ ಈ ಕೂಗಿಗೆ ಅಲ್ಲಿನ ಹಕ್ಕಿಗಳು ಒಮ್ಮೆ ಮೇಲೆದ್ದು ಮತ್ತೆ ಕೂರುತ್ತವೆ ಎಂದು ಊರವರು ಹೇಳುತ್ತಾರೆ. ಅರಣ್ಯ ಇಲಾಖೆ ಇದನ್ನು ಇನ್ನೂ ದಾಖಲಿಸಿಕೊಂಡಿಲ್ಲ.

ಚೌಡೇಶ್ ಖಾಸಗಿ ಬಸ್ಸುಗಳ ಏಜೆಂಟ್. ಏಜೆಂಟ್ ಎಂದರೆ ಮೇಜು, ಕುರ್ಚಿ, ಬೋರ್ಡು ಇರುವ ಏಜೆಂಟ್ ಅಲ್ಲ. ಬಸ್ಸು ಬಂದು ನಿಂತರೆ ಊರಿನ ಹೆಸರು ಕೂಗಿ ಜನರನ್ನು ಹತ್ತಿಸುವುದು, ಹೊತ್ತಾದ ಕೂಡಲೇ ಬಸ್ಸಿನ ಬೆನ್ನಿಗೆ ಎರಡು ಏಟು ಬಾರಿಸಿ ಕಳಿಸುವುದು, ಇಷ್ಟೇ ಕೆಲಸ. ದಿನಕ್ಕೆ ಅರವತ್ತೆರಡು ಬಸ್ಸು. ಬಸ್ಸಿಗೆ ಇಪ್ಪತ್ತೈದು ಕೂಗು ಎಂದರೂ ಒಂದೂವರೆ ಸಾವಿರ ದಾಟುತ್ತದೆ. ಇಪ್ಪತ್ತೇಳು ವರ್ಷದಿಂದ ಹೀಗೆ ಜನರನ್ನು ಊರೂರಿಗೆ ಕಳಿಸಿರುವ ಈ ಮನುಷ್ಯ ತಾನು ಹೋಗಿರುವುದು ಪೂರ್ವಕ್ಕೆ ಶಿವಮೊಗ್ಗ, ಪಶ್ಚಿಮಕ್ಕೆ ಸೊರಬ. ಅದೂ ಮದುವೆ ಇದ್ದರೆ, ಕೊನೆಯ ಬಸ್ಸು ಕಳಿಸಿದ ಮೇಲೆ.

ಹುಟ್ಟಿದ್ದು ಕುಬಟೂರು. ಮನೆಯಲ್ಲಿ ನಾಲ್ವರು ಗಂಡುಮಕ್ಕಳು, ಪಾಲಿಗೆ ಬಂದ ಗದ್ದೆ ಒಂದು ಹಗ್ಗ ಹಾಸಿದರೆ ಮುಗಿಯುವಷ್ಟು. ಇಪ್ಪತ್ನಾಲ್ಕನೆಯ ವಯಸ್ಸಿಗೆ ಇಲ್ಲಿಗೆ ಬಂದರು. ಈ ಕೆಲಸಕ್ಕೆ ಪಿಂಚಣಿ ಇಲ್ಲ, ರಜೆ ಇಲ್ಲ, ಗಂಟಲಿಗೆ ವಿಮೆಯೂ ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಳೆಗಾಲ ಹನ್ನೊಂದು ದಿನ ಧ್ವನಿಯೇ ಹೋಗಿತ್ತು. ಊರ ಹೆಸರನ್ನು ಸ್ಲೇಟಿನ ಮೇಲೆ ಬರೆದು ಎತ್ತಿ ಹಿಡಿದರು. ಜನ ಸ್ಲೇಟನ್ನು ಓದಿದರು, ತಲೆಯಾಡಿಸಿದರು, ಹತ್ತಲಿಲ್ಲ. "ನೀವು ಕೂಗ್ರೀ, ಆಮೇಲೆ ಹತ್ತತೀವಿ ಅಂದ್ರು. ಓದಿದ್ದನ್ನ ನಂಬಲ್ಲ ನಮ್ ಜನ, ಕೇಳಿದ್ದನ್ನ ನಂಬ್ತಾರೆ" ಎನ್ನುತ್ತಾರೆ ಚೌಡೇಶ್.

ಅವರು ನಿಲ್ಲುವ ಜಾಗದಿಂದ ಹತ್ತು ಹೆಜ್ಜೆ ದೂರದಲ್ಲಿ ನಾಗವೇಣಿಯವರ ಬುಟ್ಟಿ. ಬೇಯಿಸಿದ ಶೇಂಗಾ, ಕಾಲ ಬಂದಾಗ ಸೌತೆಕಾಯಿ. ಸೊರಬದ ದಾರಿಯಲ್ಲಿ ಹುಣಸೆಮರದ ಸ್ಟಾಪಿನಲ್ಲಿ ಇಳಿದು ಸ್ವಲ್ಪ ಒಳಗೆ ನಡೆದರೆ ಅವರ ಮನೆ. ಚೌಡೇಶ್ ಕೂಗಲು ಶುರುಮಾಡಿದ ವರ್ಷವೇ ಅವರೂ ಬುಟ್ಟಿ ಇಟ್ಟವರು. ಈಗ ವಯಸ್ಸು ಅರವತ್ತರ ಹತ್ತಿರ. ನಾಲ್ಕು ವರ್ಷದಿಂದ ಕಿವಿ ಮಂದವಾಗುತ್ತ ಬಂತು. ಹತ್ತು ರೂಪಾಯಿಯ ಶೇಂಗಾ ಕೇಳಿದರೆ ಇಪ್ಪತ್ತರದ್ದು ಕೊಡುತ್ತಿದ್ದರು. ಗಿರಾಕಿಗಳು ಯಾರೂ ಇದನ್ನು ತಿದ್ದಲಿಲ್ಲ.

ಹೋದ ಮಳೆಗಾಲದಲ್ಲಿ ಹಿಂದಕ್ಕೆ ಬರುತ್ತಿದ್ದ ಬಸ್ಸಿನ ಹಾರ್ನು ಕೇಳಿಸದೆ ನಾಗವೇಣಿ ಕೂತೇ ಇದ್ದರು. ಬುಟ್ಟಿ ಅಪ್ಪಚ್ಚಿಯಾಯಿತು. ಅವರು ಒಂದು ಗೇಣಿನಲ್ಲಿ ಉಳಿದರು. ಬಸ್ಸಿನ ಮಾಲೀಕ ತೀರ್ಥೇಶ್ ಕೆಟ್ಟವರಲ್ಲ. ತಾವೇ ಬಂದು ಹೊಸ ಬುಟ್ಟಿ ಕೊಡಿಸಿದರು, ಅದರ ಜೊತೆಗೇ ಒಂದು ಗಡುವನ್ನೂ ಕೊಟ್ಟರು. ಯುಗಾದಿಯೊಳಗೆ ಕಿವಿಗೆ ಮಷೀನು ಬಂದರೆ ಸರಿ, ಇಲ್ಲದಿದ್ದರೆ ನಿಲ್ದಾಣದಲ್ಲಿ ಕೂರುವುದು ಬೇಡ, ನನ್ನ ಬಸ್ಸಿನಿಂದ ಒಂದು ಜೀವ ಹೋಗುವುದು ಬೇಡ ಎಂದರು. ಮನೆಯಲ್ಲಿ ಕೂತರೆ ಕಿವಿಯ ಹಿಂದೆಯೇ ಬಾಯಿಯೂ ಹೋಗುತ್ತದೆ ಎಂದು ನಾಗವೇಣಿ ಗೊಣಗಿದರು. ಅವರ ಬುಟ್ಟಿಯ ಸಂಪಾದನೆಯಲ್ಲಿ ಮಷೀನು ಬರಬೇಕಾದರೆ ಇನ್ನೂ ಆರೇಳು ಯುಗಾದಿ ಬೇಕಿತ್ತು.

ಊರವರು ಇಷ್ಟಕ್ಕೆ ಬಿಡುತ್ತಾರೆಯೇ? ಪಕ್ಕದಲ್ಲಿ ನಿಂತು ಇಪ್ಪತ್ತೇಳು ವರ್ಷ ಅರಚಿ ಆಯಮ್ಮನ ಕಿವಿ ತಿಂದವನು ನೀನೇ ಎಂದು ಚೌಡೇಶರನ್ನು ಕಾಡಿಸಲು ಶುರುಮಾಡಿದರು. ಶಿವಮೊಗ್ಗದ ವೈದ್ಯರು ಇದು ನರದ ದೌರ್ಬಲ್ಯ, ಕೂಗಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಚೌಡೇಶ್ ಒಪ್ಪಲಿಲ್ಲ. "ಡಾಕ್ಟ್ರು ನನ್ ಕೂಗು ಕೇಳಿಲ್ರೀ" ಎಂದರು.

ಪರಿಹಾರ ಹೊಳೆದದ್ದು ನಿವೃತ್ತ ಕನ್ನಡ ಮೇಷ್ಟ್ರು ಸದಾಶಿವಪ್ಪನವರಿಂದ. ಶಿಕಾರಿಪುರದ ಬಸ್ಸಿಗೆ ಕಾಯುವಾಗ ಅವರು ದಿನವೂ ಒಂದು ಸ್ವಂತ ಕವಿತೆಯನ್ನು ಚೌಡೇಶರಿಗೆ ಓದುತ್ತಾರೆ. ಓದುತ್ತ ಓದುತ್ತ ಬಸ್ಸು ಬಂದು ಹೋದದ್ದೂ ಅವರಿಗೆ ತಿಳಿಯುವುದಿಲ್ಲ. ಹಾಗೆ ಮೂರನೆಯ ಸಲ ಬಸ್ಸು ತಪ್ಪಿದ ದಿನ ಚೌಡೇಶರಿಗೆ ಒಂದು ವಿಷಯ ಖಚಿತವಾಯಿತು. ಕವಿಗಳು ಒಮ್ಮೆ ಶುರುಮಾಡಿದರೆ ನಿಲ್ಲುವುದಿಲ್ಲ. ಹಾಗಾದರೆ ನಿಲ್ಲದೆ ಇರುವುದಕ್ಕೇ ಯಾರಾದರೂ ಹಣ ಕೊಟ್ಟರೆ?

ಯೋಜನೆ ಸರಳ. ಒಂದು ಭಾನುವಾರ, ಸೊರಬದ ಸಮುದಾಯ ಭವನದಲ್ಲಿ ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಬಿಡುವಿಲ್ಲದ ಕವಿತಾ ವಾಚನ. ಓದು ನಡೆದ ಗಂಟೆಗೆ ಇಷ್ಟು ಎಂದು ಎರಡೂ ಊರಿನ ಅಂಗಡಿಯವರು ಕೊಡಬೇಕು. ಹನ್ನೆರಡು ಗಂಟೆ ಪೂರ್ತಿಯಾದರೆ ಕೂಡಿದಷ್ಟೇ ಹಣವನ್ನು ತಾವೂ ಹಾಕುವುದಾಗಿ ತೀರ್ಥೇಶ್ ಮಾತು ಕೊಟ್ಟರು. ಆದರೆ ಮೈಕು ಎರಡು ನಿಮಿಷ ಸುಮ್ಮನಾದರೆ ಆಟ ಅಲ್ಲಿಗೆ ಮುಗಿಯಿತು. ಕೈಗಡಿಯಾರ ಹಿಡಿದು ಕೂರುವವರು ಸದಾಶಿವಪ್ಪ.

ಕವಿಗಳನ್ನು ಚೌಡೇಶ್ ಬಸ್ಸಿನ ಕಿಟಕಿಯಲ್ಲೇ ಹಿಡಿದರು. ಬಸ್ಸು ನಿಂತ ಐದು ನಿಮಿಷದಲ್ಲಿ ಪ್ರತಿ ಕಿಟಕಿಗೂ ಹೋಗಿ ಕವಿತೆ ಬರೀತೀರೇನ್ರೀ ಎಂದು ಕೇಳುವುದು, ಹೆಸರು ಬರೆದುಕೊಳ್ಳುವುದು. ಹನ್ನೆರಡು ದಿನದಲ್ಲಿ ನೂರಾ ನಲವತ್ತನಾಲ್ಕು ಕವಿಗಳು ಸಿಕ್ಕರು. ಇಲ್ಲ ಎಂದವರು ಇಬ್ಬರು, ಅವರಲ್ಲಿ ಒಬ್ಬರು ಕಾದಂಬರಿ ಬರೆಯುವವರು. ಪಟ್ಟಿಯನ್ನು ಬಸ್ಸಿನ ಟೈಮಿಂಗ್ ಹಾಳೆಯ ಹಿಂದೆಯೇ ಮಾಡಿದರು: ಕವಿಯ ಹೆಸರು, ಬರುವ ವೇಳೆ, ಬಿಡುವ ವೇಳೆ. ಒಬ್ಬರಿಗೆ ಐದು ನಿಮಿಷ. ಮೀರಿದರೆ ಓದುವ ಮೇಜಿನ ಬೆನ್ನಿಗೆ ಎರಡು ಏಟು. ಒಬ್ಬನೇ ಇಡೀ ದಿನ ನುಂಗಿಬಿಡುವ ಭಯದಿಂದ, ಒಮ್ಮೆ ಓದಿದವರು ಮತ್ತೆ ಓದುವಂತಿಲ್ಲ ಎಂಬ ನಿಯಮವನ್ನೂ ಸೇರಿಸಿದರು.

ಫೆಬ್ರುವರಿಯ ಆ ಭಾನುವಾರ ನಾಗವೇಣಿ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತರು. ಒಬ್ಬೊಬ್ಬ ಕವಿಯ ಮುಖವನ್ನೂ ಗಮನವಿಟ್ಟು ನೋಡಿದರು. ಹನ್ನೆರಡು ಗಂಟೆ ಕದಲದೆ ಕೂತ ಶ್ರೋತೃ ಅವರೊಬ್ಬರೇ, ಒಂದು ಅಕ್ಷರವೂ ಕೇಳಿಸದವರೂ ಅವರೊಬ್ಬರೇ. ಮಧ್ಯಾಹ್ನದವರೆಗೆ ಎಲ್ಲವೂ ಬಸ್ಸಿನ ಹಾಗೇ ನಡೆಯಿತು. ಮೇಜಿನ ಬೆನ್ನಿಗೆ ಎಪ್ಪತ್ತು ಸಲ ಏಟು ಬಿತ್ತು. ಓದಿದವರು ಉಂಡರು, ಉಂಡವರು ಊರಿಗೆ ಹೋದರು.

ಎರಡೂ ನಲವತ್ತಕ್ಕೆ ಶಿಕಾರಿಪುರದ ಕಡೆಯ ಕವಿಗಳು ಬರಬೇಕಿತ್ತು. ಅಲ್ಲಿಂದ ಮುಂದಿನ ಸರದಿಯ ಅಷ್ಟೂ ಜನ ಒಂದೇ ಬಸ್ಸಿನಲ್ಲಿ, ಶಿರಾಳಕೊಪ್ಪದ ಮೇಲೆ. ಎರಡೂ ನಲವತ್ತಾಯಿತು, ಬಸ್ಸಿಲ್ಲ. ಮೈಕಿನ ಮುಂದಿದ್ದ ಶಾಲಾ ಶಿಕ್ಷಕಿ ಶಶಿರೇಖಾ ಪರಿಸ್ಥಿತಿ ನೋಡಿ ಕೊನೆಯ ಸಾಲನ್ನು ನಾಲ್ಕು ಸಲ ಓದಿದರು, ಬೇರೆ ಬೇರೆ ಭಾವದಲ್ಲಿ. ಚೌಡೇಶ್ ಡ್ರೈವರ್ ತಿಪ್ಪೇಶನಿಗೆ ಫೋನು ಹಚ್ಚಿದರು. ಬಸ್ಸು ಶಿರಾಳಕೊಪ್ಪದ ನಿಲ್ದಾಣದಲ್ಲೇ ನಿಂತಿತ್ತು. ಟೈರು ಸರಿಯಾಗಿತ್ತು, ಡೀಸೆಲ್ ಇತ್ತು, ಕವಿಗಳೆಲ್ಲ ಸೀಟಿನಲ್ಲಿದ್ದರು.

"ಮತ್ಯಾಕೋ ಹೊಂಟಿಲ್ಲ?"

"ನೀನು ಕೂಗಿಲ್ವಲ್ಲಣ್ಣ" ಎಂದ ತಿಪ್ಪೇಶ.

ಅವನು ತಮಾಷೆ ಮಾಡುತ್ತಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಚೌಡೇಶರ ಕೂಗಿಲ್ಲದೆ ಆ ನಿಲ್ದಾಣದಿಂದ ಅವನು ಗಾಡಿ ಎತ್ತಿದವನಲ್ಲ. ಚೌಡೇಶ್ ಒಂದು ದಿನವೂ ರಜೆ ಹಾಕಿದವರಲ್ಲ. ಏಜೆಂಟ್ ಇಲ್ಲದ ದಿನ ಬಸ್ಸು ಹೇಗೆ ಹೊರಡಬೇಕು ಎಂದು ಹೇಳಿಹೋಗಬೇಕೆಂಬುದೇ ಅವರಿಗೆ ಹೊಳೆದಿರಲಿಲ್ಲ. ಬೇರೆ ಬಸ್ಸಿನ ಕಂಡಕ್ಟರುಗಳು ತಾವೇ ಕೂಗಿಕೊಂಡು ಹೋಗಿದ್ದರು. ತಿಪ್ಪೇಶ ಮಾತ್ರ ಕಾದಿದ್ದ. ಚೌಡೇಶ್ ಭವನದ ಬಾಗಿಲಲ್ಲಿ ನಿಂತು ಫೋನಿನೊಳಕ್ಕೆ "ಸೊರ್ಬ ಸೊರ್ಬ ಸೊರ್ಬಾ, ರೈಟ್" ಎಂದು ಕೂಗಿದರು. ಆ ತುದಿಯಲ್ಲಿ ಇಂಜಿನ್ ಶುರುವಾಯಿತು. ಫೋನು ಬೇಕೇ ಇರಲಿಲ್ಲ, ಬರೀ ಕೂಗೇ ತಲುಪಿತು ಎನ್ನುವವರೂ ಶಿರಾಳಕೊಪ್ಪದಲ್ಲಿದ್ದಾರೆ.

ಬಸ್ಸು ಬರಲು ಇನ್ನು ನಲವತ್ತು ನಿಮಿಷ. ಶಶಿರೇಖಾ ಅವರಲ್ಲಿ ಭಾವಗಳು ಮುಗಿದಿದ್ದವು. ಓದದೆ ಉಳಿದ ಕವಿಗಳು ಭವನದಲ್ಲಿ ಯಾರೂ ಇರಲಿಲ್ಲ. ಸದಾಶಿವಪ್ಪ ಗಡಿಯಾರವನ್ನು ಕಣ್ಣಿನ ಹತ್ತಿರ ತಂದರು. ಒಂದು ನಿಮಿಷ. ಒಂದೂ ಕಾಲು. ನಾಗವೇಣಿ ಖಾಲಿ ಮೈಕನ್ನೂ ಚೌಡೇಶರನ್ನೂ ನೋಡಿದರು. ಚೌಡೇಶ್ ಬದುಕಿನಲ್ಲಿ ಕವಿತೆ ಬರೆದವರಲ್ಲ. ಮೈಕಿನ ಮುಂದೆ ಹೋಗಿ ಎಡಗೈಯನ್ನು ಸೊಂಟದ ಮೇಲಿಟ್ಟು ನಿಂತರು. ಅವರಿಗೆ ಬರುತ್ತಿದ್ದದ್ದು ಒಂದೇ.

"ಸೊರ್ಬ ಸೊರ್ಬ ಸೊರ್ಬ. ಶಿರಾಳಕೊಪ್ಪ ಬಿಡ್ತು. ಹಳೇ ರೈಸ್‌ಮಿಲ್ಲು. ಅಕ್ಕಿ ಇಲ್ಲ, ಮಿಲ್ಲಿಲ್ಲ, ಇಳಿಯೋರು ಐದು ಜನ. ಡೈರಿ ಸ್ಟಾಪು. ಖಾಲಿ ಕ್ಯಾನು ಇಳಸ್ರೀ, ಕಾಲು ನೋಡ್ಕಳ್ರೀ. ಬೋರ್‌ವೆಲ್ ಕ್ರಾಸು. ನೀರು ಬಂದಿದ್ದು ಒಂದೇ ವರ್ಷ, ಹೆಸರು ನಿಂತೋಯ್ತು. ಕೆರೆ ಏರಿ..."

ಇದು ಕವಿತೆಯೇ ಎಂದು ತೀರ್ಥೇಶ್ ಮೇಷ್ಟ್ರ ಕಿವಿಯಲ್ಲಿ ಕೇಳಿದರು. ಸದಾಶಿವಪ್ಪ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. "ಬೆಳಗ್ಗಿಂದ ಕೇಳಿದ್ದು ಕವಿತೆ ಆದ್ರೆ, ಇದೂ ಕವಿತೇನೇ" ಎಂದರು.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ನಾಗವೇಣಿ ಎದ್ದು ನಿಂತರು. ಕಿವಿ ಕೇಳಿಸದವರ ದೊಡ್ಡ ದನಿಯಲ್ಲಿ, "ಹುಣಸೆಮರ ಬಿಟ್ಟೆಯಲ್ಲ ಮಾರಾಯ. ನಾನು ಎಲ್ಲಿ ಇಳೀಬೇಕು?" ಎಂದರು.

ಹುಣಸೆಮರ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಕಡಿದು ಎರಡು ವರ್ಷವಾಯಿತು. ಸ್ಟಾಪು ಇರುವುದು ಜನರ ಬಾಯಲ್ಲಿ ಮಾತ್ರ. ಗಾಬರಿಯಲ್ಲಿ ಚೌಡೇಶ್ ಅದನ್ನು ಹಾರಿಸಿದ್ದು ನಿಜ. ಆದರೆ ಒಂದು ಅಕ್ಷರವೂ ಕೇಳಿಸದ ಹೆಂಗಸಿಗೆ ಅದು ತಿಳಿದದ್ದು ಹೇಗೆ? ಚೌಡೇಶರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ನಾಲ್ಕು ವರ್ಷದಿಂದ ನಾಗವೇಣಿ ಅವರ ಬಾಯಿಯ ಆಕಾರ ನೋಡಿಯೇ ಯಾವ ಬಸ್ಸು ಎಲ್ಲಿಗೆ ಎಂದು ತಿಳಿಯುತ್ತಿದ್ದರು. ಸಂಜೆ ಅದನ್ನೇ ನೋಡಿಕೊಂಡು ತಮ್ಮ ಬಸ್ಸು ಹತ್ತುತ್ತಿದ್ದರು.

ಚೌಡೇಶ್ ಬಸ್ಸನ್ನು ಹಿಂದಕ್ಕೆ ತಂದರು. "ಬರ್ಲಿ, ಬರ್ಲಿ, ಬರ್ಲಿ, ಹೋಲ್ಡಾನ್. ಹುಣಸೆಮರ. ನಾಗವೇಣಕ್ಕ ಇಳೀತಾಳೆ. ಬುಟ್ಟಿ ಕೊಡ್ರಪ್ಪ, ಜೋಪಾನ. ಮರ ಇಲ್ಲ ಅಂತ ಹುಡುಕಬ್ಯಾಡಕ್ಕ, ನೆರಳಿದ್ದ ಜಾಗ ನಿಂಗೊತ್ತಲ್ಲ. ರೈಟ್." ನಾಗವೇಣಿ ತೃಪ್ತಿಯಿಂದ ಕೂತರು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು.

ಆಮೇಲೆ ಮೈಕಿನ ಬಸ್ಸು ನಿಲ್ಲಲಿಲ್ಲ. ಐದು ನಿಮಿಷವೆಂಬ ನಿಯಮವನ್ನೂ ಯಾರೂ ನೆನಪಿಸಲಿಲ್ಲ, ಏಟು ಹಾಕಬೇಕಾದವರೇ ಮೈಕಿನ ಮುಂದಿದ್ದರು. ತಿಪ್ಪೇಶ ಬೆವರುತ್ತ ಕವಿಗಳನ್ನು ಬಾಗಿಲಿಗೆ ತಂದು ನಿಲ್ಲಿಸಿದಾಗ ಚೌಡೇಶ್ ಸೊರಬ ಮುಗಿಸಿ, ವಾಪಸ್ ಬಂದು, ಆನವಟ್ಟಿ ದಾಟಿ ಹಾನಗಲ್ಲಿನ ದಾರಿಯಲ್ಲಿದ್ದರು. ಅವರನ್ನು ಮೈಕಿನಿಂದ ಇಳಿಸಲು ಇಬ್ಬರು ಬೇಕಾಯಿತು.

ಸಂಜೆ ಆರಕ್ಕೆ ಮೈಕು ಆರಿತು. ತೀರ್ಥೇಶ್ ಮಾತಿಗೆ ತಪ್ಪಲಿಲ್ಲ. ಎಲ್ಲ ಕೂಡಿಸಿದಾಗ ಒಂದೂವರೆ ಕಿವಿಯ ಹಣವಾಯಿತು. ಅರ್ಧ ಕಿವಿಗೆ ಮಷೀನು ಮಾಡುವವರು ಇಲ್ಲದ ಕಾರಣ ಒಂದನ್ನೇ ಕೊಳ್ಳಬೇಕಾಯಿತು. ಯಾವ ಕಿವಿಗೆ ಎಂದು ಶಿವಮೊಗ್ಗದಲ್ಲಿ ಕೇಳಿದರು. ನಾಗವೇಣಿ ಬಹಳ ಯೋಚಿಸಲಿಲ್ಲ. ಬಸ್ಸುಗಳು ಹಿಂದಕ್ಕೆ ಬರುವುದು, ಚೌಡೇಶ್ ನಿಲ್ಲುವುದು ಎರಡೂ ಬಲಗಡೆ. ಬಲಗಿವಿ ಎಂದರು.

ಯುಗಾದಿಗೆ ಇನ್ನೂ ಒಂಬತ್ತು ದಿನ ಇರುವಾಗ ಅವರು ಮಷೀನು ಹಾಕಿಕೊಂಡು ಬುಟ್ಟಿಯ ಮುಂದೆ ಕೂತರು. ಆ ಬೆಳಗ್ಗೆ ಚೌಡೇಶರಿಗೆ ಬಾಯಿ ತೆರೆಯಲು ಹೆದರಿಕೆ. ಹೊಸ ಕಿವಿ, ನೋವಾದರೆ? ಮನೆಯಲ್ಲಿ ಮಾತಾಡುವ ದನಿಯಲ್ಲಿ ಸೊರಬ ಎಂದರು. ಮೊದಲ ಬಸ್ಸು ಅರ್ಧ ಖಾಲಿ ಹೋಯಿತು. ನಾಗವೇಣಿ ಬುಟ್ಟಿ ಬಿಟ್ಟು ಎದ್ದು ಬಂದರು. "ಗಂಟಲು ಬಿಟ್ಟು ಕೂಗು ಮಾರಾಯ. ಇಷ್ಟೆಲ್ಲ ಮಾಡಿ ಕಿವಿ ತಂದಿದ್ದು ನೀನು ಪಿಸುಗುಟ್ಟೋದು ಕೇಳಕ್ಕಾ?"

ಈಗ ನಿಲ್ದಾಣದಲ್ಲಿ ಹತ್ತೂವರೆಯ ಬಸ್ಸು ಹೋಗಿ ಆನವಟ್ಟಿಯದು ಬರಬೇಕು. ನಡುವೆ ಏಳು ನಿಮಿಷದ ಬಿಡುವು. ಉಳಿದರ್ಧ ಕಿವಿಗೆ ಬರುವ ವರ್ಷ ಮತ್ತೊಮ್ಮೆ ಕವಿಗಳನ್ನು ಕರೆಯಬೇಕು ಎಂಬ ಲೆಕ್ಕ ಚೌಡೇಶರದು, ಪಟ್ಟಿಯಲ್ಲಿ ಆಗಲೇ ಅರವತ್ತು ಹೆಸರಿದೆ. ನಿಮಗೇನೂ ಬೇಡವೇ ಎಂದರೆ ನಗುತ್ತಾರೆ. ಮಫ್ಲರಿನ ತುದಿ ಎಳೆದುಕೊಳ್ಳುತ್ತಾರೆ.

"ಅಕ್ಕ ಈಗ ಸಂಜೆ ಬಸ್ ಹತ್ತೋ ಮುಂಚೆ ಒಂದ್ ಮಾತು ಹೇಳಿ ಹೋಗ್ತಾಳ್ರೀ. ಇವತ್ತು ಆನವಟ್ಟಿ ಕೂಗೋವಾಗ ನೀನು ಸುಸ್ತಾಗಿದ್ದೆ, ಮಧ್ಯಾಹ್ನ ಉಂಡಿಲ್ಲ ಅನ್ಸತ್ತೆ ಅಂತಾಳೆ. ಉಂಡಿರಲ್ಲ ನಾನು. ಇಷ್ಟ್ ವರ್ಷ ಎಲ್ರೂ ಊರ ಹೆಸರು ಕೇಳಿ ಹತ್ತಿ ಹೋದ್ರು. ನನ್ ಸುಸ್ತು ಕೇಳಿದೋಳು ಇವಳೊಬ್ಳೇರೀ."