ಇನ್ನೂರು ಸಾಲಿನ ನಂಬಿಕೆ

ನಮ್ಮ ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವವರಿಗೆ ನಾವಿಟ್ಟ ಹೆಸರು ನಿಧಾನಪ್ಪ. ಕಂಪ್ಯೂಟರನ್ನು ಓಡಿಸುವುದು ಅವರ ಕಸುಬು. ತಾವು ಮಾತ್ರ ಮೆಟ್ಟಿಲಿಗೊಂದು ಯೋಚನೆ ಮಾಡುತ್ತಾ ಹತ್ತುವವರು.

"ಊರವರ ರಿಪೋರ್ಟೆಲ್ಲ ಹುಡುಕಿಕೊಡ್ತಾರೆ, ಮನೇಲಿ ಉಪ್ಪಿನ ಡಬ್ಬಿ ಸಿಗಲ್ಲ" ಎಂದು ಅವರ ಹೆಂಡತಿ ನನ್ನೆದುರೇ ಹಂಗಿಸಿದ್ದುಂಟು.

"ಡಬ್ಬಿ ಜಾಗ ಬದಲಾಯಿಸಿದ್ರೆ ನಂಗೊಂದು ಮಾತು ಹೇಳ್ಬೇಕಲ್ವೇನೇ?" ಎಂದಿದ್ದರು, ಸಾಕಷ್ಟು ಯೋಚಿಸಿ.

ದಾಖಲೆ ಹೆಚ್ಚಿದಂತೆಲ್ಲ ನಿಧಾನವಾಗುತ್ತಾ ಬಂದು, ಆ ವಾರ ರಕ್ತಪರೀಕ್ಷೆಯ ಕೌಂಟರಿನಲ್ಲಿ ದಿನದ ಪಟ್ಟಿ ತೆರೆಯಲು ನಾಲ್ಕು ನಿಮಿಷ ಹಿಡಿಯುತ್ತಿತ್ತು. ಕ್ಯೂ ಬಾಗಿಲು ದಾಟಿ ಮೆಟ್ಟಿಲಿಗೆ ಬಂದಿತ್ತು.

"ಶುಕ್ರವಾರದೊಳಗೆ ಸರಿಹೋಗ್ಬೇಕು. ಇಲ್ಲಾಂದ್ರೆ ಹೊಸ ಮಿಷನ್ನೂ ಬರುತ್ತೆ, ಹೊಸ ಮನುಷ್ಯನೂ ಬರ್ತಾನೆ" ಎಂದರು ಮ್ಯಾನೇಜರು.

ನಿಧಾನಪ್ಪನವರಿಗೆ ಐವತ್ತನಾಲ್ಕು. ಆ ವಯಸ್ಸಿನವರನ್ನು ಬೇರೆ ಕಡೆ ಯಾರೂ ಹೊಸ ಮನುಷ್ಯ ಎಂದು ಕರೆದುಕೊಳ್ಳುವುದಿಲ್ಲ.

ಆ ಪಟ್ಟಿಯನ್ನು ಡೇಟಾಬೇಸಿನಿಂದ ಕೇಳಿ ತರುವ ಕ್ವೆರಿ ಬರೆದವನು ನಾನು. "ಇನ್ನೊಂದು ಇಂಡೆಕ್ಸ್ ಹಾಕಿಬಿಡಿ ಸಾರ್, ಬೇಗ ಹುಡುಕುತ್ತೆ" ಎಂದೆ, ಜ್ವರದವನಿಗೆ ಇನ್ನೊಂದು ಕಂಬಳಿ ಹೊದಿಸುವ ಧಾಟಿಯಲ್ಲಿ.

"ಇರೋ ಎಂಟನ್ನೇ ಅದು ಮೂಸಿ ನೋಡ್ತಿಲ್ಲ ಕಣಯ್ಯಾ. ಅದರ ಮನಸ್ಸಲ್ಲಿ ಏನಿದೆ ಮೊದ್ಲು ಕೇಳೋಣ."

ಕೇಳುವುದೆಂದರೆ ಕ್ವೆರಿಯ ಮೊದಲಿಗೆ 'ಎಕ್ಸ್‌ಪ್ಲೇನ್' ಎಂದು ಸೇರಿಸುವುದು. ಉತ್ತರ ಹುಡುಕಲು ತಾನು ಹಿಡಿಯುವ ದಾರಿಯನ್ನು ಡೇಟಾಬೇಸ್ ಆಗ ತಾನೇ ಒಪ್ಪಿಸುತ್ತದೆ. ಒಪ್ಪಿಸಿತು. ಪರೀಕ್ಷೆಗಳ ಟೇಬಲ್ಲಿನಲ್ಲಿ ಇನ್ನೂರು ಸಾಲಿವೆ ಎಂದು ಅದರ ನಂಬಿಕೆ. ಇದ್ದದ್ದು ಒಂಬತ್ತು ಲಕ್ಷ. ಇನ್ನೂರಕ್ಕೆಲ್ಲ ಇಂಡೆಕ್ಸ್ ಯಾಕೆಂದು, ಪಟ್ಟಿಯ ಒಂದೊಂದು ಹೆಸರಿಗೂ ಆ ಒಂಬತ್ತು ಲಕ್ಷವನ್ನೂ ಮೊದಲಿಂದ ಓದುತ್ತಿತ್ತು.

"ಪಾಪ, ಇದರದ್ದೇನೂ ತಪ್ಪಿಲ್ಲ. ಸಾಲು ಎಣಿಸೋದನ್ನೇ ಯಾರೋ ನಿಲ್ಲಿಸಿದ್ದಾರೆ."

ಆ ಯಾರೋ ನಾನೇ. ಎರಡು ವರ್ಷದ ಹಿಂದೆ ಹಳೆಯ ದಾಖಲೆ ತುಂಬುವಾಗ, ಭಾರವಾಗುತ್ತದೆಂದು ತಾನಾಗಿ ನಡೆಯುವ ಎಣಿಕೆಯನ್ನು ನಿಲ್ಲಿಸಿದ್ದೆ. ಚಹಾ ಕುಡಿದು ಬಂದು ಚಾಲೂ ಮಾಡಿದರಾಯಿತು ಎಂದುಕೊಂಡಿದ್ದೆ. ಚಹಾ ಕುಡಿದದ್ದು ಚೆನ್ನಾಗಿ ನೆನಪಿದೆ.

ಯಾರು ಏನು ಬದಲಾಯಿಸಿದರೆಂಬ ದಾಖಲೆ ತೆರೆದು, ನನ್ನ ಹೆಸರಿದ್ದ ಸಾಲನ್ನು ಅವರು ಎರಡು ಸಲ ಓದಿದರು. ಹೊಸದಾಗಿ ಎಣಿಸಲು ಡೇಟಾಬೇಸಿಗೆ ಹೇಳಿ, ಪಟ್ಟಿ ತೆರೆದರು. ರೆಪ್ಪೆ ಬಡಿಯುವುದರೊಳಗೆ ಬಂತು.

ಮ್ಯಾನೇಜರ ಕೋಣೆಯಲ್ಲಿ ಇಬ್ಬರೂ ನಿಂತೆವು. ಎಣಿಕೆ ನಿಂತಿದ್ದ ಕಥೆಯನ್ನು ನಿಧಾನಪ್ಪ ಹೇಳಿದರು.

"ಆಯ್ತು, ಹೊಸಬರು ಯಾರೂ ಬೇಡ, ನೀವೇ ನೋಡ್ಕೊಳ್ಳಿ. ಅಂದ ಹಾಗೆ, ಎಣಿಕೆ ನಿಲ್ಲಿಸಿದ್ದು ಯಾರು?"

ನಿಧಾನಪ್ಪ ಯೋಚಿಸತೊಡಗಿದರು. ಕಿಟಕಿ ನೋಡಿದರು, ಕನ್ನಡಕ ಒರೆಸಿದರು. ಅಷ್ಟರಲ್ಲಿ ಮ್ಯಾನೇಜರ ಫೋನು ಬಡಿದುಕೊಂಡಿತು. ಹೋಗಿ ಹೋಗಿ ಎಂದು ಅವರು ಕೈಬೀಸಿದರು.

ಮೆಟ್ಟಿಲಿಳಿಯುವಾಗ ಕೇಳಿದೆ: "ಏನು ಹೇಳ್ತಿದ್ರಿ ಸಾರ್?"

ಅವರು ಒಂದು ಮೆಟ್ಟಿಲು ಇಳಿದು ನಿಂತರು.

"ಇನ್ನೂ ಯೋಚಿಸ್ತಿದೀನಿ ಕಣಯ್ಯಾ."