ಕಸ್ತೂರಿಯ ಐಸ್ ಹಾಕಿ

ನಾನು ಚಿಕ್ಕವಳಿದ್ದಾಗ ನಮ್ಮೂರು ಕೋಗಿಲಿನವರು ಯಲಹಂಕಕ್ಕೆ ಹೊರಟರೆ "ಪ್ಯಾಟೆಗೆ ಹೋಗಿ ಬತ್ತೀನಿ" ಅನ್ನುತ್ತಿದ್ದರು. ಬೇಸಿಗೆ ರಜೆ ಬಂತೆಂದರೆ ಊರೆಲ್ಲ ನಮ್ಮದೇ ಮೈದಾನ. ಅಂಥ ಒಂದು ರಜೆಯ ಮೊದಲ ವಾರದಲ್ಲೇ ನನಗೆ ಅಮ್ಮ ಬಂತು. ಡಾಕ್ಟರು ಅದಕ್ಕೆ ಚಿಕನ್ ಪಾಕ್ಸ್ ಅನ್ನುತ್ತಾರೆ. ಆದರೆ ನಮ್ಮ ಅಜ್ಜಿಯ ಮುಂದೆ ಹಾಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನನ್ನನ್ನು ಹಿಂದಿನ ಕೋಣೆಗೆ ಹಾಕಿದರು. ಶೀಟಿನ ಸೂರು, ಒಂದೇ ಒಂದು ಕಿಟಕಿ, ಬಾಗಿಲಿಗೆ ಬೇವಿನ ಸೊಪ್ಪು. ಮೈಯೆಲ್ಲ ನವೆ, ಆದರೆ ಕೆರೆಯುವ ಹಾಗಿಲ್ಲ. ಬೇವಿನ ಎಸಳಿನಿಂದ ಸವರಿಕೊಳ್ಳಬೇಕು. ತಲೆ ಬಾಚುವ ಹಾಗಿಲ್ಲ. ಮನೆಯಲ್ಲಿ ಒಗ್ಗರಣೆಯ ಚಟಪಟವೂ ನಿಂತುಹೋಗಿ ಮೂರು ಹೊತ್ತೂ ಅಂಬಲಿ, ಮಜ್ಜಿಗೆ ಅನ್ನ. ಕಿಟಕಿಯಾಚೆ ನನ್ನ ತಮ್ಮ ಮತ್ತು ಅವನ ಪಟಾಲಂ ಲಗೋರಿ ಆಡುತ್ತಿದ್ದರು. ಕಲ್ಲು ಉರುಳಿದ ಸದ್ದು ಕೇಳುತ್ತಿತ್ತು, ಯಾರು ಗೆದ್ದರೆಂದು ತಿಳಿಯುತ್ತಿರಲಿಲ್ಲ. ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು. ಮೂರನೇ ನೀರು ಹಾಕುವವರೆಗೆ, ಅಂದರೆ ಅಮ್ಮನನ್ನು ಕಳಿಸಿಕೊಡುವ ಕೊನೆಯ ಸ್ನಾನದವರೆಗೆ, ಹೊಸಿಲು ದಾಟುವ ಮಾತೇ ಇರಲಿಲ್ಲ.

ಆಗ ಬಂದವಳು ಕಸ್ತೂರಿ. ನಮ್ಮ ಮನೆಗೆ ಅಂಟಿಕೊಂಡಿದ್ದ ಬಾಡಿಗೆ ಮನೆಯವಳು. ಜಮಖಂಡಿ ಕಡೆಯವರು, ಅವಳಪ್ಪ ಫ್ಯಾಕ್ಟರಿ ಕೆಲಸಕ್ಕೆಂದು ಬಂದು ವರ್ಷವೂ ಆಗಿರಲಿಲ್ಲ. ಶಾಲೆಯಲ್ಲಿ ಒಂದೇ ತರಗತಿಯಾದರೂ ಅವಳ ಮಾತಿನ ಧಾಟಿಗೆ ನಾವು ನಗುತ್ತಿದ್ದೆವು, ಅವಳು ನಮ್ಮಿಂದ ದೂರವೇ ಇರುತ್ತಿದ್ದಳು. ಅಂಥವಳು ಬಾಗಿಲಲ್ಲಿ ನಿಂತು ಅಜ್ಜಿಗೆ, "ನನಗ ಹ್ವಾದ ವರ್ಷನ ಎದ್ದು ಹೋಗ್ಯಾವ್ರಿ ಅಜ್ಜಿ, ಮತ್ತ ಬರಂಗಿಲ್ಲ. ನಾ ಒಳಗ ಹೋಗ್ಲೇನ್ರಿ?" ಅಂದಳು. ಅಜ್ಜಿ ಅವಳ ಕೆನ್ನೆಯ ಮೇಲಿನ ಕಲೆಗಳನ್ನು ಬೆಳಕಿಗೆ ಹಿಡಿದು ನೋಡಿ ಒಳಗೆ ಬಿಟ್ಟಿತು.

ಅವಳ ಕೈಯಲ್ಲಿ ಒಂದು ವೀಡಿಯೋ ಗೇಮಿನ ಕ್ಯಾಸೆಟ್ ಇತ್ತು. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಅವಳ ಸೋದರಮಾವ ಜಪಾನಿನಿಂದ ತಂದದ್ದು. ಡಬ್ಬಿಯ ಮೇಲಿದ್ದ ಅಕ್ಷರ ಒಂದೂ ನಮಗೆ ಓದಲು ಬರುತ್ತಿರಲಿಲ್ಲ. ಪಾಪ, ಅವರ ಮನೆಯಲ್ಲಿ ಟಿವಿ ಇರಲಿಲ್ಲ. ನಮ್ಮ ಟಿವಿ ಆ ಕೋಣೆಯಲ್ಲೇ ಇತ್ತು, ಅಪ್ಪ ಕೊಡಿಸಿದ್ದ ಅಗ್ಗದ ಗೇಮ್ ಪೆಟ್ಟಿಗೆಯೂ ಇತ್ತು. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ತೂರಿಸಿದಳು. ಪರದೆಯೆಲ್ಲ ಬೆಳ್ಳಗಾಗಿ, ಅದರ ಮೇಲೆ ದಪ್ಪ ಅಂಗಿ ತೊಟ್ಟ ಗಿಡ್ಡ ಆಳುಗಳು ಕೋಲು ಹಿಡಿದು ಕೇರಂ ಕಾಯಿಯಂಥ ಕರಿ ಬಿಲ್ಲೆಯ ಹಿಂದೆ ಜಾರತೊಡಗಿದರು.

ಅಜ್ಜಿ ಓಡಿ ಬಂತು. "ಟೀವಿ ಆರ್ಸ್ರೇ! ಕಣ್ಗೆ ಉಷ್ಣ ಆಯ್ತದೆ. ಏನೇ ಅದು, ಉಪ್ಪಿನ ಮ್ಯಾಲೆ ಓಡ್ತಾವ್ರಾ?"

"ಉಪ್ಪಲ್ಲ ಅಜ್ಜಿ, ಐಸು. ಐಸ್ ಮೇಲಿನ ಹಾಕಿ ಆಟ" ಅಂದೆ.

"ಐಸಾ?" ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿತು. "ಅಂಗಾರೆ ತಂಪು. ಆಡ್ಕಳಿ."

ಅಲ್ಲಿಗೆ ತೀರ್ಮಾನವಾಯಿತು. ಕಾರು ಓಡಿಸುವ ಆಟ ಉಷ್ಣ, ಬಂದೂಕಿನ ಆಟ ಮಹಾ ಉಷ್ಣ, ಇದೊಂದೇ ತಂಪು. ಅಂದಿನಿಂದ ದಿನಾ ಮಧ್ಯಾಹ್ನವೆಲ್ಲ ಅದನ್ನೇ ಆಡಿದೆವು. ಆಟದಲ್ಲಿ ಆಗಾಗ ಇಬ್ಬರು ಗುದ್ದಾಡಿಕೊಳ್ಳುತ್ತಿದ್ದರು. ಸೋತವನನ್ನು ಪಕ್ಕದ ಕಟಕಟೆಯಲ್ಲಿ ಒಬ್ಬನನ್ನೇ ಕೂರಿಸುತ್ತಿದ್ದರು. ಅಂಬಲಿ ತಂದ ಅಜ್ಜಿ ಅವನನ್ನೇ ದಿಟ್ಟಿಸಿ, "ಅವನ್ಯಾಕೆ ಒಬ್ನೇ ಕುಂತವ್ನೆ? ಅವನ್ಗೂ ಅಮ್ಮ ಬಂದೈತಾ?" ಎಂದು ಕೇಳಿತು. ಕಸ್ತೂರಿ ನಕ್ಕು ನಕ್ಕು ಚಾಪೆಯ ಮೇಲೆ ಉರುಳಿಬಿಟ್ಟಳು. ನಾನು ನಗಲಿಲ್ಲ. ನನಗೆ ಅವನ ಕಷ್ಟ ಚೆನ್ನಾಗಿ ಗೊತ್ತಿತ್ತು.

ಅವಳು ಹೊರಟುಹೋದ ಮೇಲೆ ಕೋಣೆ ಮತ್ತೆ ಇಕ್ಕಟ್ಟೆನಿಸುತ್ತಿತ್ತು. ಆಗ ಹುಳುವೊಂದು ತಲೆಯನ್ನು ಕೊರೆಯುತ್ತಿತ್ತು. ಇವಳು ಬರುವುದು ನನಗಾಗಿಯೋ, ನಮ್ಮ ಟಿವಿಗಾಗಿಯೋ? ಮೈತುಂಬ ಬೊಕ್ಕೆಯಾದವಳ ಹತ್ತಿರ ಸುಮ್ಮನೆ ಯಾರು ಬಂದು ಕೂರುತ್ತಾರೆ? ಕೇಳಿಬಿಡೋಣವೆಂದರೆ, ಹೌದು ಅಂದುಬಿಟ್ಟಾಳು ಎಂಬ ಭಯ.

ಇದರ ನಡುವೆ ಅವಳಪ್ಪನಿಗೆ ಊರ ಕಡೆಯೇ ಕೆಲಸ ಸಿಕ್ಕಿತು. ಗುರುವಾರ ಬೆಳಿಗ್ಗೆ ಸಾಮಾನು ಸಾಗಿಸುವುದೆಂದಾಯಿತು. ನನ್ನ ಮೂರನೇ ನೀರು ಶುಕ್ರವಾರಕ್ಕೆ ಗೊತ್ತಾಗಿತ್ತು. ಅವ್ವ ಅಜ್ಜಿಯನ್ನು ಕೇಳಿಕೊಂಡಳು, "ಒಂದಿನ ಮುಂಚೆ ಹಾಕ್ಬಿಡಿ ಅತ್ತೆ, ಮಗು ಅಳ್ತಾ ಕೂತೈತೆ."

"ಬಂದಿರೋ ತಾಯ್ನ ಅರ್ಧಕ್ಕೆ ಎಬ್ಬಿಸಿ ಕಳಿಸಕ್ಕಾಯ್ತದೇನಮ್ಮ?" ಅಂದಿತು ಅಜ್ಜಿ. ಆ ಕ್ಷಣ ನಾನು ಅಜ್ಜಿಯನ್ನೂ ನನ್ನ ಮೈಮೇಲೆ ಬಂದಿದ್ದ ಅಮ್ಮನನ್ನೂ ಒಟ್ಟಿಗೇ ದ್ವೇಷಿಸಿದೆ.

ಬುಧವಾರ ಮಧ್ಯಾಹ್ನ ಕಸ್ತೂರಿ ಬರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಫ್ಯಾನು ನಿಂತಿತು, ಶೀಟು ಸುಡತೊಡಗಿತು. ಟಿವಿ ಇಲ್ಲವಾದ ಮೇಲೆ ಇನ್ನೇನು, ಹೊರಟಳು ಅಂದುಕೊಂಡು ಗೋಡೆಯ ಕಡೆ ಮುಖ ಮಾಡಿದೆ.

"ಯಾಕ, ಆಡಂಗಿಲ್ಲೇನ?" ಅಂದಳು.

"ಕರೆಂಟಿಲ್ಲ ಕಣೇ. ನೀನು ಹೋಗು."

"ಕರೆಂಟ್ ಇಲ್ಲಾಂದ್ರ ಏನಾತು? ಹಿಡಿ ಇದನ್ನ." ಗೇಮ್ ಪೆಟ್ಟಿಗೆಯ ಒಂದು ರಿಮೋಟನ್ನು ನನ್ನ ಮಡಿಲಿಗೆ ಹಾಕಿ, ಇನ್ನೊಂದನ್ನು ತಾನು ಹಿಡಿದು, ಸತ್ತ ಟಿವಿಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಳು. "ಏ ನೋಡ, ನಿನ್ನ ಮಂದಿ ಹೊಂಟ್ರು. ನಾ ಅಡ್ಡ ಬಂದೆ. ಹೊಡಿ, ಹೊಡಿ!"

ನಾನು ಒತ್ತಿದೆ. "ಗೋಲ್!" ಎಂದು ಅವಳೇ ಕೂಗಿದಳು. ಅವಳ ಹತ್ತಿರ ಒಮ್ಮೆಯೂ ಗೆಲ್ಲದ ನಾನು ಆ ದಿನ ಕಪ್ಪು ಪರದೆಯ ಮೇಲೆ ಗೋಲಿನ ಮೇಲೆ ಗೋಲು ಹೊಡೆದೆ. ಇಬ್ಬರೂ ಬೆವೆತು ತೊಪ್ಪೆಯಾಗಿದ್ದೆವು. ಅವಳಮ್ಮ ಪಾತ್ರೆ ಕಟ್ಟಲು ಕೂಗುತ್ತಲೇ ಇದ್ದರು, ಸಂಜೆಯವರೆಗೂ ಕಸ್ತೂರಿ ಏಳಲಿಲ್ಲ. ಅಷ್ಟು ಖುಷಿಯನ್ನು ನಾನು ಆಮೇಲೆ ಹೆಚ್ಚು ಸಲ ಕಂಡಿಲ್ಲ.

ಗುರುವಾರ ಬೆಳಿಗ್ಗೆ ಕಿಟಕಿಯ ಸರಳಿಗೆ ಮುಖ ಒತ್ತಿ ನಿಂತಿದ್ದೆ. ಟೆಂಪೋ ಹೊರಟು ನಿಂತಿತ್ತು. ಅಮ್ಮ ಇದ್ದ ಕೋಣೆಯಿಂದ ಮೂರನೇ ನೀರಿಗೆ ಮುಂಚೆ ಒಂದು ಕಡ್ಡಿಯೂ ಹೊರಗೆ ಹೋಗಬಾರದು. ಹಾಗಾಗಿ ಕ್ಯಾಸೆಟ್ಟೂ ನನ್ನ ಜೊತೆ ಒಳಗೇ ಉಳಿದಿತ್ತು. ಕಸ್ತೂರಿ ಕಿಟಕಿಯ ಕೆಳಗೆ ಬಂದು, "ಇರ್ಲಿ ಬಿಡ, ಮುಂದ ಬಂದು ಇಸ್ಕೋತೀನಿ" ಅಂದಳು. ಟೆಂಪೋ ತಿರುವಿನಲ್ಲಿ ಮರೆಯಾಯಿತು. ಮರುದಿನ ಬಿಸಿಲಿಗಿಟ್ಟ ಅರಿಶಿನ, ಬೇವಿನ ನೀರು ಹಾಕಿ ನನ್ನನ್ನು ಹೊರಗೆ ಬಿಟ್ಟರು. ಎಲ್ಲಿಗೆ ಹೋಗುವುದೆಂದು ನನಗೆ ತಿಳಿಯಲಿಲ್ಲ.

ಹೋದ ತಿಂಗಳು ತಮ್ಮನ ಮಗ ಆ ಕ್ಯಾಸೆಟ್ಟಿನ ಫೋಟೋವನ್ನು ಹಳೆಯ ಆಟಗಳ ಯಾವುದೋ ಗುಂಪಿಗೆ ಹಾಕಿದ. ಎರಡೇ ದಿನಕ್ಕೆ ಕೆಂಪಾಪುರದಿಂದ ಒಬ್ಬ ಸಂಗ್ರಹಕಾರ ಮನೆಗೇ ಬಂದ. ಬಿಳಿ ಗ್ಲೌಸು ಹಾಕಿಕೊಂಡು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಈ ಆಟ ಹೊರಬಂದದ್ದೇ ಕಡಿಮೆಯಂತೆ, ಡಬ್ಬಿ ಸಮೇತ ಉಳಿದಿರುವುದು ಇನ್ನೂ ಅಪರೂಪವಂತೆ. ಒಳ್ಳೆಯ ಸ್ಕೂಟರ್ ಬರುವಷ್ಟು ಬೆಲೆ ಹೇಳಿದ. "ಒಂದ್ಸಲಾನೂ ಆಡ್ದೆ ಹಾಗೇ ಇಟ್ಟಿದ್ರೆ ಇನ್ನೂ ಎಷ್ಟೋ ಪಟ್ಟು ಬರ್ತಿತ್ತು ಮೇಡಂ" ಎಂದು ನೊಂದುಕೊಂಡ. ನನಗೆ ಅವನ ಮೇಲೆ ಕನಿಕರವೇ ಬಂತು.

"ಕೊಡಕ್ಕಾಗಲ್ಲ ಕಣಪ್ಪ. ಇದು ನಂದಲ್ಲ, ನನ್ನ ಫ್ರೆಂಡ್‌ದು. ಇಸ್ಕೋತೀನಿ ಅಂದಿದ್ಳು."

"ಇಷ್ಟು ವರ್ಷ ಆಯ್ತಲ್ಲ ಮೇಡಂ, ಇನ್ಯಾರು ಬಂದು ಕೇಳ್ತಾರೆ?"

ಅವನು ಹೇಳಿದ್ದು ನಿಜ. ಅವಳ ಮನೆತನದ ಹೆಸರೂ ನನಗೆ ಗೊತ್ತಿಲ್ಲ. ಆಗ ಕೇಳಬೇಕೆಂದು ಹೊಳೆದಿರಲಿಲ್ಲ. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಆ ಕೋಣೆ ಇದ್ದ ಜಾಗದಲ್ಲಿ ಬಾಡಿಗೆದಾರರ ಕಾರುಗಳು ನಿಲ್ಲುತ್ತವೆ. ನಾಲ್ಕು ಅಂತಸ್ತಿನ ಈ ಕಟ್ಟಡದಲ್ಲಿ ಯಾರಿಗೆ ಜ್ವರ ಬಂದರೂ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಹೋದ ವರ್ಷ ಕಾಲು ಮುರಿದುಕೊಂಡು ನಾನು ಎರಡು ತಿಂಗಳು ಮಲಗಿದ್ದೆ. ಫೋನಿನಲ್ಲಿ ಎಲ್ಲರೂ ವಿಚಾರಿಸಿಕೊಂಡರು, ಹತ್ತಿರ ಬಂದು ಕೂತವರಿಲ್ಲ.

ಸಂಗ್ರಹಕಾರನಿಗೆ ಕಾಫಿ ಕೊಟ್ಟು ಕಳಿಸಿದೆ. ಯಾರು ಬಂದು ಕೇಳುತ್ತಾರೆ ಅಂದನಲ್ಲ, ಅವಳು ಬಂದು ಕೇಳಲಿ ಅಂತಲೇ ಇಷ್ಟು ವರ್ಷ ಅದನ್ನು ಇಟ್ಟುಕೊಂಡಿದ್ದೇನೆ ಎಂದು ಅವನಿಗೆ ಹೇಳಲು ನನಗೆ ನಾಚಿಕೆಯಾಯಿತು.